ಒಂದೇ ಒಂದು ಕಡಿಮೆ ಇದ್ದರೆ

ನಮ್ಮ ಮನೆಗೆ ಟೆಂಟು ಬಂದ ದಿನ ಭಾವನವರು ನಕ್ಕಿದ್ದನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ. ಭಾವನವರೆಂದರೆ ನನ್ನ ಗಂಡನ ಅಣ್ಣ. ಪುಣೆಯಲ್ಲೇ ವಾಕಡದಲ್ಲಿರುತ್ತಾರೆ, ಭಾನುವಾರ ತಪ್ಪಿದರೂ ಖಡಕಿಯ ನಮ್ಮ ಮನೆಯ ಚಹಾ ತಪ್ಪಿಸುವುದಿಲ್ಲ. ಅಂದು ಬಂದವರು ಪಡಸಾಲೆಯ ತುಂಬ ಹರಡಿದ್ದ ಹಸಿರು ಬಟ್ಟೆಯನ್ನು ಕಾಲಿನಿಂದ ತುಸು ಸರಿಸಿ, "ಇದೇನಿದು, ಮದುವಿ ಪೆಂಡಾಲ ಅದ ಏನು?" ಎಂದರು.

"ಟೆಂಟ್ ಅದ ಭಾವನೋರ. ನಾವಿಬ್ಬರು ತಾಮ್ಹಿಣಿ ಘಾಟಿನ ಕಡೆ ಹೊಂಟೀವಿ. ಎರಡು ದಿನ ಅಲ್ಲೇ ಇದ್ದು ಬರ್ತೀವಿ."

"ಗಾಡಿ ಯಾರು ಓಡಸ್ತಾರ?"

"ನಾನ."

ಆಗ ನಕ್ಕರು. ಚಹಾದ ಕಪ್ಪು ಅದರಡಿಯ ಬಸಿಯಲ್ಲಿ ಕುಣಿಯುವಷ್ಟು ನಕ್ಕರು. "ಕಾಯಿಪಲ್ಲೆ ತರಾಕ ಭಾಜಿ ಮಂಡಿಗೆ ಹೋದಂಗಲ್ಲವಾ ಅದು. ಘಾಟ್ ಅದ. ಒಂದು ಕಡೆ ಗುಡ್ಡ, ಒಂದು ಕಡೆ ದರಿ."

ನನಗೆ ಐವತ್ತೇಳು. ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವಳು, ಮೂರು ಭಾಷೆಗಳಲ್ಲಿ ಜಗಳಾಡಬಲ್ಲವಳು. ಆದರೂ ಭಾವನವರ ಎದುರು ಮಾತ್ರ ಮದುವೆಯಾಗಿ ಬಂದ ದಿನದಿಂದ ಸೆರಗು ಹೊದ್ದು, ಬಾಗಿಲ ಪಕ್ಕ ನಿಂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟವಳು. ನಮ್ಮ ಕಡೆ ಹಾಗೇ. ಅಂದೂ ಸೆರಗು ತಲೆಯ ಮೇಲೆಯೇ ಇತ್ತು. ಅದರೊಳಗಿನ ತಲೆ ಮಾತ್ರ ಬಿಸಿಯಾಗಿತ್ತು.

ಗಾಡಿ ನನ್ನ ಕೈಗೆ ಬಂದದ್ದು ಸಂತೋಷದಿಂದಲ್ಲ. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರರು ನನ್ನ ಗಂಡನಿಗೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ ಎಂದರು. ಔಷಧಿಯಿಂದ ಅದನ್ನು ನಿಧಾನ ಮಾಡಬಹುದು, ಹೋದದ್ದನ್ನು ಮರಳಿ ತರಲಾಗದು. ಇನ್ನು ಮೇಲೆ ಗಾಡಿ ಓಡಿಸುವಂತಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದು ಅವರು ಚಾವಿಯನ್ನು ನನ್ನ ಕೈಗಿಟ್ಟು, ಎಡಗಡೆಯ ಬಾಗಿಲು ತೆಗೆದು ಕುಳಿತರು. ನನ್ನ ಲೈಸೆನ್ಸಿಗೆ ಆಗ ಹದಿನೆಂಟು ವರ್ಷ ವಯಸ್ಸು. ಅದು ಪರ್ಸಿನೊಳಗೆ ಕೂತಿತ್ತೇ ಹೊರತು ಸ್ಟೇರಿಂಗಿನ ಮುಂದೆ ಕೂತಿರಲಿಲ್ಲ. ಯೆರವಡಾದ ಆ ಆಸ್ಪತ್ರೆಯಿಂದ ಖಡಕಿಗೆ ಬರುವಷ್ಟರಲ್ಲಿ ಗಾಡಿ ಐದು ಸಲ ಬಂದ್ ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ನಾನು ಅತ್ತೆ. ಆದರೆ ಓಡಿಸಿದೆ. ಆ ಮೇಲೆ ನಿಲ್ಲಿಸಲಿಲ್ಲ.

ಟೆಂಟಿನ ಆಸೆ ಅವರದು. ಚಿಕ್ಕವರಿದ್ದಾಗ ಸುಗ್ಗಿಯಲ್ಲಿ ಕಣ ಕಾಯಲು ಮಲಗಿ ಆಕಾಶ ನೋಡುತ್ತಿದ್ದರಂತೆ. ಕಾರ್ಖಾನೆಗೆ ಸೇರಿದ ಮೇಲೆ ಶಿಫ್ಟು, ಕ್ವಾರ್ಟರ್ಸು, ಮಕ್ಕಳು ಎಂದು ಆ ಆಕಾಶ ಎಲ್ಲೋ ಉಳಿಯಿತು. "ಕಾಣೂ ತನಕ ಒಮ್ಮೆ ನೋಡಬೇಕು ಅನಸ್ತದ," ಎಂದರು ಒಂದು ಸಂಜೆ, ಸೊಪ್ಪು ಸೋಸುತ್ತ. ಅಷ್ಟೇ ಹೇಳಿದ್ದು. ನನಗೆ ಅದು ಸಾಕಿತ್ತು.

ಭಾವನವರಿಗೆ ಗಾಡಿಯ ಮೇಲೆ ಕಣ್ಣಿತ್ತು ಎಂದರೆ ಪಾಪ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಿದ್ದರು. "ಗಾಡಿ ನನ್ನ ಕಡೆ ಇರಲಿ, ನಿಮಗ ಬೇಕಾದಾಗ ಡ್ರೈವರ್ ಕೂಡ ಕಳಸ್ತೀನಿ" ಎಂಬುದು ಎರಡು ವರ್ಷದಿಂದ ಪ್ರತಿ ಭಾನುವಾರದ ಮಾತು. ಬೇಕಾದಾಗ ಕೇಳಿ ಪಡೆಯುವ ಗಾಡಿ ನಮ್ಮದು ಹೇಗಾಗುತ್ತದೆ? ಔಷಧಿ ತರಲೂ ಫೋನ್ ಮಾಡಿ ಕಾಯಬೇಕು. ಅಂದು ನಗು ಮುಗಿಸಿ ಅವರು ಕಪ್ಪು ಕೆಳಗಿಟ್ಟರು. "ಆತು. ಶನಿವಾರ ಮುಂಜಾನೆ ನಾನ ಬಂದು ನೋಡ್ತೀನಿ. ಎಲ್ಲಾ ಸರಿ ಇದ್ರ ಹೋಗ್ರಿ, ನಾ ಇನ್ನ ಬಾಯಿ ಬಿಚ್ಚೂದಿಲ್ಲ. ಒಂದ ಒಂದು ಕಡಿಮಿ ಇದ್ರ ಚಾವಿ ನನ್ನ ಕೈಯಾಗ ಇಡಬೇಕು. ಗಾಡಿ ವಾಕಡಕ್ಕ ಬರ್ತದ."

ನನ್ನ ಗಂಡ "ಅಣ್ಣಾ, ಅದೆಲ್ಲಾ ಯಾಕ" ಎನ್ನುವಷ್ಟರಲ್ಲಿ ನಾನು "ಆತ್ರಿ" ಎಂದುಬಿಟ್ಟೆ. ನನ್ನ ಸಿಟ್ಟಿಗೆ ಯಾವಾಗಲೂ ನಾಲಿಗೆ ಮೊದಲು, ಬುದ್ಧಿ ಆಮೇಲೆ.

ಆ ವಾರ ನಾನು ಒಂದು ನೋಟುಬುಕ್ಕು ಹಿಡಿದೆ. ಬಾಲ್ಕನಿಯಲ್ಲಿ ನಮ್ಮ ಕುಡಿಯುವ ನೀರಿನ ಹರವಿ ಇದೆ. ಊರಿನಿಂದ ತಂದ ಮಣ್ಣಿನದು, ಗುಂಡು ತಳದ್ದು. ಅದರ ಮುಚ್ಚಳದ ಮೇಲೆ ನೋಟುಬುಕ್ಕು ಇಟ್ಟುಕೊಂಡು ಪಟ್ಟಿ ಬರೆದೆ. ಬ್ರೇಕು, ಕೂಲಂಟು, ವೈಪರು, ದೀಪ, ವಿಮೆಯ ಕಾಗದ. ಟಾರ್ಚು ಎರಡು, ಸೀಟಿ ಎರಡು. ಅವರ ಕಣ್ಣಿನ ಹನಿ ಔಷಧಿ ಎರಡು ಬಾಟಲಿ, ಒಂದು ನನ್ನ ಚೀಲದಲ್ಲಿ, ಒಂದು ಅವರ ಚೀಲದಲ್ಲಿ, ಒಂದು ಕಳೆದರೂ ಇನ್ನೊಂದು ಇರಲೆಂದು. ಹಾವು ಕಡಿದರೆ ಔಷಧಿ ಸಿಗುವ ಹತ್ತಿರದ ಸರಕಾರಿ ದವಾಖಾನೆ ಯಾವುದೆಂದು ಫೋನ್ ಮಾಡಿ ಕೇಳಿದೆ. ಘಾಟಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದ ಕಡೆಗಳುಂಟು. ಹಾಗಾಗಿ ಯಾವ ದಾರಿ, ರಾತ್ರಿ ಎಲ್ಲಿ ವಸ್ತಿ, ದಿನಾ ಸಂಜೆ ಎಷ್ಟರೊಳಗೆ ಫೋನ್ ಮಾಡುತ್ತೇವೆ, ಮಾಡದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನೆಲ್ಲ ಬರೆದು ಕೆಳಗಿನ ಮನೆಯ ಹೆಂಗಸಿಗೆ ಕೊಟ್ಟೆ. ಆಕೆ ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು.

ಊಟದ ಚಿಂತೆ ನಮಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ ಕಟ್ಟಿಕೊಂಡರೆ ನಮ್ಮ ಕಡೆಯವರು ಒಲೆಯಿಲ್ಲದೆ ಕಾಶಿಗೂ ಹೋಗಿ ಬರುತ್ತಾರೆ. ಜಗಳ ಬಂದದ್ದು ಶೇಗಡಿಯ ಮೇಲೆ. ಥಂಡಿಗೆ ಇರಲಿ ಎಂದು ನನ್ನ ಗಂಡ ಹಳೆಯ ಇದ್ದಿಲ ಶೇಗಡಿ ಹುಡುಕಿ ತಂದು ಸಾಮಾನಿನ ನಡುವೆ ಇಟ್ಟಿದ್ದರು. ನಾನು ಅದನ್ನು ಎತ್ತಿ ಅಟ್ಟಕ್ಕೆ ಹಾಕಿದೆ.

"ಸ್ವಲ್ಪ ಕೆಂಡ ಇಟ್ಟರ ಏನಾಗ್ತದ? ನಮ್ಮಪ್ಪ ಇಡತಿದ್ದ."

"ನಿಮ್ಮಪ್ಪ ಬಯಲಾಗ ಇಡತಿದ್ರು. ಟೆಂಟಿನಾಗ ಕೆಂಡ ಇಟ್ಟು ಮಲಗಿದವರು ಅದರ ವಿಷಗಾಳಿಗೆ ಮುಂಜಾನಿ ಏಳೂದಿಲ್ರಿ. ಇನ್ನೆರಡು ಕೌದಿ ತರ್ತೀನಿ, ಹೊದ್ಕೋರಿ."

ಮೂರನೆಯ ದಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮರಾಠಿಯವನು, ನನ್ನ ಮಗನ ವಯಸ್ಸಿನವನು. ಗಾಲಿ ಬದಲಿಸುವುದನ್ನು ಕಲಿಸು ಎಂದಾಗ, "ಕಾಕೂ, ತುಮ್ಹೀ ಕಶಾಲಾ?" ಎಂದ, ನೀವ್ಯಾಕೆ ಎಂಬಂತೆ. "ಮೀಚ ಕರಣಾರ," ನಾನೇ ಮಾಡುವವಳು ಎಂದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಹ್ಯಾಂಡ್‌ಬ್ರೇಕು ಎಳೆದು, ಎದುರು ಗಾಲಿಗೆ ಕಲ್ಲು ಕೊಟ್ಟು, ಗಾಡಿ ಎತ್ತುವ ಮೊದಲೇ ನಟ್ಟು ಸಡಿಲಿಸಬೇಕು ಎಂದು ಹೇಳಿಕೊಟ್ಟ. ನಟ್ಟು ನನ್ನ ಕೈಗೆ ಬಗ್ಗಲಿಲ್ಲ. ಪಾನಾ ಸಿಕ್ಕಿಸಿ ಅದರ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತೆ. ಅರವತ್ತೆಂಟು ಕಿಲೋ ತೂಕಕ್ಕೆ ಇಷ್ಟು ವರ್ಷ ಬೈಸಿಕೊಂಡಿದ್ದೆ. ಅಂದು ಅದೇ ಕೆಲಸಕ್ಕೆ ಬಂತು. ಸೀಟಿನ ಕೆಳಗಿದ್ದ ನಮ್ಮದೇ ಜಾಕಿನಿಂದ ಗಾಡಿ ಎತ್ತಿ, ಗಾಲಿ ಬಿಚ್ಚಿ, ಅದೇ ಗಾಲಿಯನ್ನು ಮತ್ತೆ ಹಾಕಿ ಬಿಗಿದೆ. ಹಾಗೆ ಮೂರು ಸಲ. ಮೂರನೆಯ ಸಲಕ್ಕೆ ಪಕ್ಕದ ಚಹಾದಂಗಡಿಯವನು ಚಪ್ಪಾಳೆ ಹೊಡೆದ.

ಶುಕ್ರವಾರ ಪೆಟ್ರೋಲ್ ಹಾಕಿಸಿ ನಾಲ್ಕೂ ಟೈರಿಗೆ ಹವಾ ತುಂಬಿಸಿದೆ. ಹವಾ ತುಂಬುವವನು, "ಸ್ಟೆಪ್ನೀತ ಬಘೂ ಕಾ?" ಎಂದು, ಸ್ಟೆಪ್ನಿಯ ಹವಾ ನೋಡಲೇ ಎಂಬಂತೆ, ಡಿಕ್ಕಿಯ ಕಡೆ ಕೈ ಮಾಡಿದ. ಸ್ಟೆಪ್ನಿ, ಅಂದರೆ ಪಂಚರ್ ಆದಾಗ ಹಾಕಲಿಕ್ಕೆ ಡಿಕ್ಕಿಯ ತಳದಲ್ಲಿಡುವ ಐದನೆಯ ಗಾಲಿ. ಡಿಕ್ಕಿಯಲ್ಲಿ ಆಗಲೇ ಟೆಂಟು, ಕೌದಿ, ನೀರಿನ ಡಬ್ಬಿ, ರೊಟ್ಟಿಯ ಗಂಟು ಎಲ್ಲ ತುಂಬಿದ್ದೆ. ಅಷ್ಟನ್ನೂ ಇಳಿಸುವವರು ಯಾರು? "ನಕೋ, ಆಹೇ," ಬೇಡ, ಇದೆ ಎಂದೆ. ಮನೆಗೆ ಬಂದು ಪಟ್ಟಿಯಲ್ಲಿ ಸ್ಟೆಪ್ನಿಯ ಮುಂದೆ ಟಿಕ್ ಹಾಕಿದೆ. ದೊಡ್ಡದಾಗಿ ಹಾಕಿದೆ.

ಶನಿವಾರ ಮುಂಜಾನೆ ಏಳಕ್ಕೆ ಭಾವನವರು ಬಂದರು. ಚಹಾ ಕೂಡ ಬೇಡವೆಂದರು. ನೋಟುಬುಕ್ಕು ಇಸಿದುಕೊಂಡು, ಕನ್ನಡಕ ಏರಿಸಿ, ಒಂದೊಂದಾಗಿ ಓದುತ್ತ ಗಾಡಿಯ ಸುತ್ತ ತಿರುಗಿದರು. ಹಾರ್ನ್ ಹೊಡೆಸಿದರು. ದೀಪ ಹಚ್ಚಿಸಿದರು. ಟೈರನ್ನು ಕಾಲಿನಿಂದ ಒದ್ದು ನೋಡಿದರು. ದವಾಖಾನೆಯ ಹೆಸರು ಬರೆದದ್ದನ್ನು ನೋಡಿ "ಹೂಂ" ಎಂದರು. ನನ್ನ ಗಂಡ ಆಗಲೇ ಟೊಪ್ಪಿಗೆ ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಕೂತುಬಿಟ್ಟಿದ್ದರು. ನಾನು ಹೊಸ್ತಿಲ ಬಳಿ ನಿಲ್ಲಲಿಲ್ಲ, ಗಾಡಿಯ ಪಕ್ಕವೇ ನಿಂತೆ.

"ಸ್ಟೆಪ್ನಿ ತೋರ್ಸು."

ಬೇಕೆಂದೇ ಕೇಳಿದ್ದಾರೆ ಎಂದು ನನಗೆ ರೇಗಿತು. ತುಟಿ ಬಿಗಿದುಕೊಂಡು ಟೆಂಟು, ಕೌದಿ, ಡಬ್ಬಿ, ಗಂಟು ಎಲ್ಲ ಇಳಿಸಿ ರಸ್ತೆಯ ಮೇಲಿಟ್ಟೆ. ಚಾಪೆ ಸರಿಸಿ ಅದರ ಕೆಳಗಿನ ಹಲಗೆ ಎತ್ತಿದೆ.

ಖಾಲಿ. ಗಾಲಿ ಇರಬೇಕಾದ ಗುಂಡು ಕುಳಿಯಲ್ಲಿ ಒಂದು ಹಿಡಿ ಜೋಳ ಬಿದ್ದಿತ್ತು. ಯಾವುದೋ ಮಳೆಗಾಲದಲ್ಲಿ ಡಿಕ್ಕಿಗೆ ನೀರು ಇಳಿದು ಮೊಳೆತು, ಆಮೇಲೆ ಒಣಗಿ ಹೋದ ಬೆರಳುದ್ದದ ಸಸಿಗಳು ಅದರಲ್ಲಿದ್ದವು.

ಆ ಸಸಿಗಳನ್ನು ನೋಡಿದ ಕೂಡಲೇ ನನಗೆಲ್ಲ ನೆನಪಾಯಿತು. ಆರು ವರ್ಷದ ಹಿಂದೆ ವರ್ಷದ ಜೋಳ ತರಲು ಇದೇ ಗಾಡಿಯಲ್ಲಿ ಊರಿಗೆ ಹೋಗಿದ್ದೆವು. ಪುಣೆಯಲ್ಲಿ ಇಷ್ಟು ವರ್ಷ ಇದ್ದರೂ ಊರಿನ ಹೊಲದ ಜೋಳವೇ ಆಗಬೇಕು, ಅಂಗಡಿಯ ಹಿಟ್ಟಿನ ರೊಟ್ಟಿ ನಮಗೆ ಗಂಟಲಲ್ಲಿ ಇಳಿಯುವುದಿಲ್ಲ. ಎರಡು ಚೀಲ ಹಿಡಿಯಬೇಕೆಂದು, ಒಂದು ನಮಗೆ, ಒಂದು ವಾಕಡಕ್ಕೆ, ಹೊರಡುವ ಮೊದಲೇ ಸ್ಟೆಪ್ನಿ ತೆಗೆದು ಬಾಲ್ಕನಿಯಲ್ಲಿಟ್ಟಿದ್ದೆವು. ಬಂದ ಮೇಲೆ ಅದು ಅಲ್ಲೇ ಉಳಿಯಿತು. ಗುಂಡು ತಳದ ಹರವಿಗೆ ಒಂದು ಸಿಂಬಿ ಬೇಕಿತ್ತು. ಆ ಗಾಲಿಗೇ ಹಳೆಯ ಇಳಕಲ್ ಸೀರೆ ಸುತ್ತಿ, ಅದರ ಮೇಲೆ ಹರವಿ ಕೂರಿಸಿದವಳು ನಾನೇ. ಊರೊಳಗೆ ಎರಡು ಸಲ ಪಂಚರ್ ಆದಾಗಲೂ ಅಂಗಡಿಯವನೇ ಬಂದು ಹಾಕಿ ಹೋಗಿದ್ದ, ಡಿಕ್ಕಿಯ ತಳ ನೋಡುವ ಪ್ರಸಂಗವೇ ಬಂದಿರಲಿಲ್ಲ. ದಿನಾ ಮುಂಜಾನೆ ಅದೇ ಹರವಿಗೆ ನೀರು ತುಂಬಿದ್ದೇನೆ. ವಾರವಿಡೀ ಅದರ ಮುಚ್ಚಳದ ಮೇಲೆಯೇ ಪಟ್ಟಿ ಬರೆದಿದ್ದೇನೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ನಾಚಿಕೆಯಾಯಿತು. ಮೂರು ಸಲ ಗಾಲಿ ಬಿಚ್ಚಿ ಹಾಕಿದ ಜಂಬವೆಲ್ಲ ಆ ಕುಳಿಗೆ ಬಿತ್ತು. ನೋಡದೆ ಟಿಕ್ ಹಾಕಿದ್ದೆ. ಇದನ್ನು ಬೇರೆ ಯಾರ ತಲೆಗೂ ಕಟ್ಟಲಾರೆ.

ಭಾವನವರು ಅಂಗೈ ಚಾಚಿದರು.

ಕೆಳಗಿನ ಮನೆಯ ಹೆಂಗಸು ಕಿಟಕಿಯಲ್ಲಿ ನಿಂತಿದ್ದಳು. ಗಾಡಿಯೊಳಗಿಂದ ನನ್ನ ಗಂಡ ಹೊರಳಿ ನೋಡುತ್ತಿದ್ದರು. ಅವರಿಗೆ ಪಕ್ಕದ ನೋಟ ಇಲ್ಲ, ಪೂರ್ತಿ ತಿರುಗಿದರೆ ಮಾತ್ರ ಕಾಣುತ್ತದೆ, ಪೂರ್ತಿ ತಿರುಗಿದ್ದರು. ಆದರೂ ಕೊಟ್ಟ ಮಾತು ಕೊಟ್ಟ ಮಾತೇ. ಸೊಂಟದಿಂದ ಚಾವಿ ತೆಗೆದು ಭಾವನವರ ಅಂಗೈಯಲ್ಲಿಟ್ಟೆ.

ಇಟ್ಟ ಮೇಲೆ ಸುಮ್ಮನಿರುವವಳೇ ನಾನು? ರಸ್ತೆಯ ಮೇಲಿದ್ದ ಟೆಂಟನ್ನು ಎತ್ತಿ ಡಿಕ್ಕಿಗೆ ಹಾಕಿದೆ. ಡಬ್ಬಿ ಹಾಕಿದೆ. ಗಂಟು ಹಾಕಿದೆ. ಹಿಂದಿನ ಬಾಗಿಲು ತೆಗೆದು ಕುಳಿತೆ.

"ಏನಿದು?" ಎಂದರು ಭಾವನವರು.

"ಚಾವಿ ನಿಮ್ಮ ಕೈಯಾಗ ಅದ ಭಾವನೋರ. ಓಡಸ್ರಿ. ನಿಮ್ಮ ತಮ್ಮ ಆಕಾಶ ನೋಡಬೇಕಂತ ಕೂತಾರ. ಟೆಂಟ್ ಅದ, ರೊಟ್ಟಿ ಅದ. ನಡೀರಿ ಘಾಟಿಗೆ."

"ಸ್ಟೆಪ್ನಿ ಇಲ್ದ? ಘಾಟಿನ್ಯಾಗ? ತಲಿ ಕೆಟ್ಟದೇನು?"

"ಆರು ವರ್ಷದ ಹಿಂದ ಊರಿಗೆ ಓಡಿಸಿಕೊಂಡು ಹೋದವರು ಯಾರ್ರಿ? ಜ್ವಾಳಕ್ಕ ಜಾಗಾ ಆಗಲಿ, ಪಂಚರ್ ಎಲ್ಲೀದು ಅಂತ ಸ್ಟೆಪ್ನಿ ಇಳಿಸಿದವರು ಯಾರ್ರಿ? ಗಾಡ್ಯಾಗ ನೀವಿಬ್ಬರು ನಾವಿಬ್ಬರು ನಾಲ್ಕು ಮಂದಿ ಇದ್ದಿವಿ. ಸೋಲಾಪುರದ ತನಕ ನೀವು ಹಾಡಕೋತ ಓಡಿಸಿದ್ರಿ."

ಭಾವನವರ ಬಾಯಿ ಸ್ವಲ್ಪ ತೆರೆಯಿತು. ಅವರೂ ಮರೆತಿದ್ದರು, ನನ್ನ ಹಾಗೆಯೇ. "ಅದು... ಅದು ಸಪಾಟ ರಸ್ತಾ ಇತ್ತು," ಎಂದರು.

"ಸಪಾಟ ರಸ್ತಾದಾಗ ಟೈರಿಗೆ ಮೊಳಿ ಚುಚ್ಚೂದಿಲ್ಲೇನ್ರಿ? ಇಳಿಸಿದವರು ನೀವು, ಸೀರಿ ಸುತ್ತಿ ಹರವಿ ಬುಡಕ ಇಟ್ಟವಳು ನಾನು, ನೋಡದ ಟಿಕ್ ಹಾಕಿದವಳೂ ನಾನು. ನನ್ನ ತಪ್ಪಿಗೆ ಚಾವಿ ಕೊಟ್ಟೀನಿ. ಈಗ ನಿಮ್ಮ ಸರತಿ. ಒಂದೋ ಓಡಸ್ರಿ, ಇಲ್ಲಾ ಇವತ್ತ ಬ್ಯಾಡ ಅನ್ರಿ."

ನನ್ನ ಸೆರಗು ಯಾವಾಗ ಜಾರಿತ್ತೋ ಗೊತ್ತಿಲ್ಲ. ಭಾವನವರ ಎದುರು ಬರೀ ತಲೆಯಲ್ಲಿ ಕೂತದ್ದು ಅದೇ ಮೊದಲು.

ಅವರು ಡಿಕ್ಕಿಯತ್ತ ನೋಡಿದರು, ತಮ್ಮನತ್ತ ನೋಡಿದರು. ಬಹಳ ಹೊತ್ತು ಕನ್ನಡಕ ಒರೆಸಿದರು. ಕಡೆಗೆ, "ಇವತ್ತ ಬ್ಯಾಡ," ಎಂದರು. ಚಾವಿಯನ್ನು ಬಾನೆಟ್ಟಿನ ಮೇಲಿಟ್ಟು, ನನ್ನ ಕಡೆ ನೋಡದೆ ತಮ್ಮ ಗಾಡಿ ಹತ್ತಿ ಹೋದರು.

ಇಳಿದು ಚಾವಿ ಎತ್ತಿಕೊಂಡೆ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನ್ನ ಗಂಡ ಕಿಟಕಿಯಿಂದ, "ಅಣ್ಣ ಹೋದ. ಈಗ ಹೋಗಿಬಿಡೋಣಲ್ಲ? ಒಂದು ದಿನಕ್ಕ ಏನಾಗ್ತದ," ಎಂದರು. ಮೆಲ್ಲಗೆ, ಬೇಡಿಕೊಳ್ಳುವ ಹಾಗೆ. ಭಾವನವರಿಗೆ ಉತ್ತರ ಕೊಡುವುದು ಸುಲಭವಿತ್ತು. ಇವರಿಗೆ ಕೊಡುವುದು ಕಷ್ಟವಾಯಿತು. ಆ ಕಣ್ಣುಗಳಿಗೆ ಒಂದು ದಿನವೆಂದರೆ ಏನು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಇಲ್ರಿ," ಎಂದೆ. "ಚಾವಿ ಈಗ ನನ್ನ ಕೈಯಾಗ ಅದ. ಇವತ್ತ ಹೋಗೂದಿಲ್ಲ."

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ ಎಂದು ಬಿಟ್ಟೆ.

ಆಮೇಲೆ ಇಬ್ಬರೂ ಸೇರಿ ಹರವಿಯ ನೀರು ಬಳಿದು ಬಕೆಟ್ಟಿಗೆ ಹಾಕಿದೆವು. ಹರವಿ ಕೆಳಗಿಳಿಸಿ, ಸೀರೆ ಬಿಚ್ಚಿ, ಗಾಲಿಯನ್ನು ಉರುಳಿಸಿಕೊಂಡು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಉಗುರಿನಿಂದ ರಬ್ಬರು ಕೆರೆದು ತೋರಿಸಿದ. ಬಾಣಂತಿಯ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು. ಆರು ವರ್ಷ ನೀರಿನ ತಂಪಿನಲ್ಲಿ, ಬಾಲ್ಕನಿಯ ಬಿಸಿಲಿನಲ್ಲಿ ಕೂತ ಟೈರು. ಹೊಸದನ್ನೇ ಹಾಕಿಸಿದೆ. ಹವಾ ತುಂಬಿದ್ದನ್ನು ನಾನೇ ಗೇಜಿನಲ್ಲಿ ನೋಡಿದೆ. ನಾನೇ ಕುಳಿಯಲ್ಲಿಟ್ಟು ನಡುವಿನ ಬೋಲ್ಟು ಬಿಗಿದೆ. ಮನೆಗೆ ಬಂದು ಪಟ್ಟಿಯ ಹಳೆಯ ಟಿಕ್ಕುಗಳನ್ನೆಲ್ಲ ಹೊಡೆದುಹಾಕಿ, ಮೊದಲಿನಿಂದ ಒಂದೊಂದನ್ನೂ ಕೈಯಿಂದ ಮುಟ್ಟಿ ಹೊಸ ಟಿಕ್ ಹಾಕಿದೆ. ಅಷ್ಟರಲ್ಲಿ ನನ್ನ ಗಂಡ ಹಳೆಯ ಧೋತರ ಹೊಸೆದು ಹರವಿಗೊಂದು ಸಿಂಬಿ ಮಾಡಿದ್ದರು. ಡೊಂಕಾಗಿತ್ತು, ಆದರೆ ಹರವಿ ನಿಂತಿತು.

ಭಾನುವಾರ ಬೆಳಕು ಹರಿಯುವಾಗ ಹೊರಟೆವು. ಘಾಟಿನಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗಲಿಲ್ಲ. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದರು. ಹೊಡೆಯಲಿ ಎಂದು ದಾರಿ ಕೊಟ್ಟೆ. ಅಂದು ರಾತ್ರಿ ಟೆಂಟಿನ ಬಾಯಿ ತೆರೆದಿಟ್ಟು, ಎರಡು ಕೌದಿ ಹೊದ್ದು, ಅವರು ಮಲಗಿದಲ್ಲೇ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಆಕಾಶದ ಒಂದೊಂದೇ ತುಂಡನ್ನು ನೋಡಿದರು. "ಕಣದಾಗೂ ಚಿಕ್ಕಿ ಇಷ್ಟ ಇದ್ದುವು," ಎಂದರು. ಎಷ್ಟು ಕಂಡವು ಎಂದು ನಾನು ಕೇಳಲಿಲ್ಲ.

ಪಂಚರ್ ಆಗಲೇ ಇಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಮುಂದಿನ ಭಾನುವಾರ ಭಾವನವರು ಚಹಾಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರ ಬಂದರು. ಬಸಿಗೆ ಚಹಾ ಸುರಿದುಕೊಳ್ಳುತ್ತ, "ಪಂಚರ್ ಆತೇನು?" ಎಂದರು.

"ಇಲ್ರಿ."

"ಮತ್ತ? ಸುಮ್ನ ಒಂದು ದಿನ ಹಾಳಾತು."

"ಹಾಳಾಗ್ಲಿ ಬಿಡ್ರಿ," ಎಂದೆ. ಈ ಸಲ ಬಾಗಿಲ ಪಕ್ಕ ನಿಂತಿರಲಿಲ್ಲ. ಅವರ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

ಅವರು ಸ್ವಲ್ಪ ಹೊತ್ತು ಬಾಲ್ಕನಿಯ ಡೊಂಕು ಸಿಂಬಿಯನ್ನೇ ನೋಡಿದರು. "ಸುಗ್ಗಿ ಬಂತು. ಊರಿಗೆ ಜ್ವಾಳಕ್ಕ ಯಾವಾಗ ಹೋಗೂದು? ನನಗೂ ಒಂದು ಚೀಲ ಬೇಕಾಗಿತ್ತು."

"ನಾ ಓಡಸ್ತೀನಿ ಅಂದ್ರ ಹೋಗೋಣ. ಸ್ಟೆಪ್ನಿ ಮಾತ್ರ ಇಳಿಸೂದಿಲ್ರಿ. ಡಿಕ್ಕಿನ್ಯಾಗ ಒಂದ ಚೀಲ ಹಿಡೀತದ. ನಿಮ್ಮ ಚೀಲ ಹಿಂದಿನ ಸೀಟಿನ ಮ್ಯಾಲ ಬರಬೇಕು. ಅದನ್ನ ಹಿಡ್ಕೊಂಡು ಕೂಡಾಕ ಒಬ್ಬರು ಬೇಕು."

ನನ್ನ ಗಂಡ ನಗು ತಡೆಯಲು ಚಹಾದ ಕಪ್ಪಿನೊಳಗೆ ಮುಖ ಇಟ್ಟರು. ಭಾವನವರು ಬಸಿಯ ಚಹಾ ಪೂರ್ತಿ ಕುಡಿದು ಕೆಳಗಿಟ್ಟರು.

"ಆತವಾ," ಎಂದರು. "ಹಿಂದ ನಾ ಕೂಡ್ತೀನಿ."